ಕೊಳಗದಿಂದ ಕಾಯ್ದೆಗೆ: ಶಾಂತವೇರಿ ಗೋಪಾಲಗೌಡರ ಶಾಸಕ ಜೀವನ

ಶಾಸಕರ ಸಾಧನೆಯನ್ನು ಅವರು ಏರಿದ ಹುದ್ದೆಗಳಿಂದ ಅಳೆಯುವುದು ರಾಜಕೀಯ ಚರಿತ್ರೆಯ ರೂಢಿ. ಒಮ್ಮೆಯೂ ಮಂತ್ರಿಯಾಗದೆ, ಮೂರು ಬಾರಿ ಗೆದ್ದೂ ವಿರೋಧ ಪಕ್ಷದಲ್ಲೇ ಉಳಿದ ಶಾಂತವೇರಿ ಗೋಪಾಲಗೌಡರ (1923–1972) ವಿಷಯದಲ್ಲಿ ಈ ಅಳತೆ ಸಾಲದು. ಗೇಣಿದಾರರ ಪ್ರಶ್ನೆಯನ್ನು ಗದ್ದೆಯಿಂದ ಸದನಕ್ಕೆ ತಂದು, ಅದು ಮರೆಗೆ ಸರಿಯದಂತೆ ನೋಡಿಕೊಂಡದ್ದೇ ಅವರ ಮುಖ್ಯ ಕೊಡುಗೆ ಎಂಬುದು ಈ ಲೇಖನದ ವಾದ.

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಅವರು ಹುಟ್ಟಿದ ವರ್ಷವೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಸಂಸ್ಥಾನದ ಸರ್ಕಾರವೇ ಕಟ್ಟಿದ ಆ ಕಾರ್ಖಾನೆಯ ಸುತ್ತ ಸಂಬಳದ ದುಡಿಮೆ ಬೆಳೆಯಿತು. ಅದೇ ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯಲ್ಲಿ ದೀವರ ಒಕ್ಕಲುಗಳು ಧಣಿಗೆ ಭತ್ತದ ಗೇಣಿ ಅಳೆಯುತ್ತಲೇ ಇದ್ದವು.

ಆ ಸೀಮೆಯ ಕಾಗೋಡು ಹಳ್ಳಿಯ ಗೇಣಿ ವ್ಯಾಜ್ಯ ಹುಟ್ಟಿದ್ದು ಕಣದಲ್ಲಿ. ಗೇಣಿ ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಲೆಕ್ಕದಲ್ಲಿ ಗೇಣಿ ಏರದಿದ್ದರೂ ಒಕ್ಕಲಿನ ಪಾಲಿನ ಭತ್ತ ಕರಗುತ್ತಿತ್ತು. ಎಚ್. ಗಣಪತಿಯಪ್ಪನವರ ರೈತ ಸಂಘಟನೆ ಇದನ್ನು ಪ್ರಶ್ನಿಸಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು.

ಮರುವರ್ಷ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಕನ್ನಡ ಆಡಳಿತ ಭಾಷೆಯಾಗಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕು ಎಂದು ಪಟ್ಟು ಹಿಡಿದರು. ಅವರ ಸಮಾಜವಾದಿ ಬಳಗದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತನಾಡಿದರು.

ಗೇಣಿಯ ಪ್ರಶ್ನೆಯಲ್ಲಿ ಆಳುವ ಪಕ್ಷವೂ ಕೈಕಟ್ಟಿ ಕೂತಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪನವರು ಗೇಣಿ ಮತ್ತು ಇನಾಂ ಸುಧಾರಣೆಗೆ ದುಡಿದರು. ಆದರೆ 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಅದರೊಳಗಿನ ವಿನಾಯಿತಿಗಳು ಒಡೆಯರಿಗೆ ಅನುಕೂಲವಾದವು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಒಕ್ಕಲು 7ನೇ ನಮೂನೆಯ ಅರ್ಜಿ ಹಾಕಿ, ವಕೀಲರ ಹಂಗಿಲ್ಲದೆ ಭೂನ್ಯಾಯ ಮಂಡಳಿಯ ಮುಂದೆ ತಾನೇ ಸಾಗುವಳಿಯ ಹಕ್ಕು ಹೇಳಿಕೊಳ್ಳಬಹುದಾಯಿತು.

ಗೋಪಾಲಗೌಡರು ತೀರಿಕೊಂಡು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಕಾಯ್ದೆಯ ಶ್ರೇಯವೆಲ್ಲ ಅವರದೆನ್ನುವುದು ಅತಿಶಯೋಕ್ತಿ. ಅರಸು ಅವರ ಸಂಕಲ್ಪವೂ ಹಲವು ಚಳವಳಿಗಳ ದುಡಿಮೆಯೂ ಅದರಲ್ಲಿವೆ. ಆದರೂ ಭೂಮಿಯ ಹಕ್ಕನ್ನು ಧಣಿಯ ದಯೆಯ ಮಾತಾಗಿ ಉಳಿಸದೆ ಶಾಸನದ ಹೊಣೆಯನ್ನಾಗಿಸಿದವರಲ್ಲಿ ಅವರು ಮೊದಲ ಸಾಲಿನವರು. ವಿರೋಧ ಪಕ್ಷದ ಪೀಠದಿಂದಲೂ ರಾಜ್ಯದ ಕಾರ್ಯಸೂಚಿಯನ್ನು ರೂಪಿಸಬಹುದೆಂಬುದಕ್ಕೆ ಅವರ ಶಾಸಕ ಜೀವನವೇ ಆಧಾರ.