ಪ್ರಚೋದಿತ ಹೆರಿಗೆಯ ನಂತರ ಸಿಸೇರಿಯನ್: ಅಪಾಯಾಂಶಗಳ ಬಗ್ಗೆ ಮಾಹಿತಿ

ಹೆರಿಗೆ ನೋವು ತಾನಾಗಿಯೇ ಆರಂಭವಾಗುವ ಮೊದಲು ಔಷಧಿ ಅಥವಾ ಇತರ ವಿಧಾನಗಳಿಂದ ನೋವು ಬರಿಸುವುದನ್ನು ಪ್ರಸವ ಪ್ರಚೋದನೆ ಎನ್ನುತ್ತಾರೆ. ದಿನ ಮೀರಿದ ಗರ್ಭ, ಅಧಿಕ ರಕ್ತದೊತ್ತಡ, ಮಧುಮೇಹ, ನೋವಿಗೆ ಮುನ್ನವೇ ನೀರು ಹೋಗುವುದು, ಮಗುವಿನ ಬೆಳವಣಿಗೆ ಕುಂಠಿತವಾಗುವುದು ಇದಕ್ಕೆ ಮುಖ್ಯ ಕಾರಣಗಳು. 41 ವಾರ ತುಂಬಿರುವುದು ಖಚಿತವಾದಲ್ಲಿ ಪ್ರಚೋದನೆ ನೀಡಲು ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ. ಪ್ರಚೋದನೆ ಪಡೆದವರಲ್ಲಿ ಹೆಚ್ಚಿನವರಿಗೆ ಸಹಜ ಹೆರಿಗೆಯಾಗುತ್ತದೆ. ಕೆಲವರಿಗೆ ಸಿಸೇರಿಯನ್ ಅಗತ್ಯವಾಗುತ್ತದೆ.

ಅಪಾಯಾಂಶಗಳು

1. ಗರ್ಭಕೊರಳು ಸಿದ್ಧವಾಗದಿರುವುದು: ಗರ್ಭಕೊರಳು ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೃದುವಾಗಿದೆ, ಯಾವ ದಿಕ್ಕಿನಲ್ಲಿದೆ ಹಾಗೂ ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂಬ ಐದು ಅಂಶಗಳನ್ನು ಪರೀಕ್ಷಿಸಿ ವೈದ್ಯರು ಗರಿಷ್ಠ 13 ಅಂಕಗಳ ಬಿಷಪ್ ಅಂಕವನ್ನು ನೀಡುತ್ತಾರೆ. ಅಂಕ 8ಕ್ಕಿಂತ ಹೆಚ್ಚಿದ್ದಲ್ಲಿ ಸಹಜ ಹೆರಿಗೆಯ ಸಾಧ್ಯತೆಯು ತಾನಾಗಿ ನೋವು ಬಂದವರಷ್ಟೇ ಇರುತ್ತದೆ. 6 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಮೊದಲು ಗರ್ಭಕೊರಳನ್ನು ಮೃದುಗೊಳಿಸುವ ಚಿಕಿತ್ಸೆ ಅಗತ್ಯ.

2. ಚೊಚ್ಚಲ ಹೆರಿಗೆ: ಹಿಂದೆ ಸಹಜ ಹೆರಿಗೆಯಾದವರಿಗಿಂತ ಚೊಚ್ಚಲ ಗರ್ಭಿಣಿಯರಲ್ಲಿ ಸಿಸೇರಿಯನ್ ಸಾಧ್ಯತೆ ಹೆಚ್ಚು.

3. ತಾಯಿಯ ದೇಹಸ್ಥಿತಿ: 35 ವರ್ಷ ಮೀರಿದ ವಯಸ್ಸು, ಅತಿಯಾದ ದೇಹತೂಕ, ಕಡಿಮೆ ಎತ್ತರ.

4. ಮಗುವಿನ ಸ್ಥಿತಿ: 4 ಕಿಲೋಗ್ರಾಂ ಮೀರಿದ ತೂಕ, ತಲೆಯ ಅನನುಕೂಲ ಭಂಗಿ, ಬೆಳವಣಿಗೆಯ ಕೊರತೆ.

5. ತಾಯಿಯ ಕಾಯಿಲೆ: ಮಧುಮೇಹ, ಅಧಿಕ ರಕ್ತದೊತ್ತಡ.

6. ಹಿಂದಿನ ಸಿಸೇರಿಯನ್: ಗರ್ಭಾಶಯದ ಹಳೆಯ ಗಾಯದ ಗುರುತು ಬಿರಿಯುವ ಅಪಾಯವಿರುವುದರಿಂದ ಇಂತಹವರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನೀಡತಕ್ಕದ್ದಲ್ಲ.

ಪ್ರಚೋದನೆಯೇ ಸಿಸೇರಿಯನ್‌ಗೆ ಕಾರಣವೇ?

ನೋವು ಬರಿಸಿದರೆ ಸಿಸೇರಿಯನ್ ಖಚಿತ ಎಂಬ ಭಾವನೆ ಸರಿಯಲ್ಲ. ಅಮೆರಿಕದಲ್ಲಿ ಕಡಿಮೆ ಅಪಾಯದ ಸುಮಾರು 6,100 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 39ನೇ ವಾರದಲ್ಲಿ ಪ್ರಚೋದನೆಗೆ ನಿಗದಿಯಾದವರ ಪೈಕಿ ಶೇ. 18.6ರಷ್ಟು ಹಾಗೂ ಕಾದು ನೋಡುವ ಗುಂಪಿನವರ ಪೈಕಿ ಶೇ. 22.2ರಷ್ಟು ಮಹಿಳೆಯರಿಗೆ ಸಿಸೇರಿಯನ್ ಆಯಿತು. ಫಲಿತಾಂಶವು ಬಹುಮಟ್ಟಿಗೆ ಗರ್ಭಿಣಿಯ ಸ್ಥಿತಿ, ಚಿಕಿತ್ಸೆಯ ವಿಧಾನ ಮತ್ತು ಅದಕ್ಕೆ ನೀಡುವ ಕಾಲಾವಕಾಶವನ್ನು ಅವಲಂಬಿಸಿದೆ.

ಪ್ರಚೋದಿತ ಹೆರಿಗೆಯ ಆರಂಭದ ಹಂತವು 24 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಯಬಹುದು. ತಾಯಿ ಮತ್ತು ಮಗು ಕ್ಷೇಮವಾಗಿದ್ದಲ್ಲಿ, ನೀರಿನ ಚೀಲ ಒಡೆದ ನಂತರ ಕನಿಷ್ಠ 12ರಿಂದ 18 ಗಂಟೆಗಳ ಕಾಲ ಆಕ್ಸಿಟೋಸಿನ್ ನೀಡಿ ನೋಡಿದ ಬಳಿಕವೇ ಪ್ರಚೋದನೆ ವಿಫಲವಾಗಿದೆ ಎಂದು ಸಾಮಾನ್ಯವಾಗಿ ತೀರ್ಮಾನಿಸಲಾಗುತ್ತದೆ. ಆದರೆ ಮಗುವಿನ ಹೃದಯ ಬಡಿತದಲ್ಲಿ ಗಂಭೀರ ಏರುಪೇರು ಅಥವಾ ಅಧಿಕ ರಕ್ತಸ್ರಾವ ಕಂಡುಬಂದಲ್ಲಿ ಕಾಯುವುದು ಅಪಾಯಕರ. ಅಂತಹ ಸಂದರ್ಭದಲ್ಲಿ ಸಿಸೇರಿಯನ್ ಇಬ್ಬರ ಜೀವವನ್ನೂ ಉಳಿಸುತ್ತದೆ. ಕುಟುಂಬದವರು ಒಪ್ಪಿಗೆ ನೀಡಲು ವಿಳಂಬ ಮಾಡಬಾರದು.

ಗರ್ಭಿಣಿಯರು ಮತ್ತು ಕುಟುಂಬದವರ ಗಮನಕ್ಕೆ

• ಪ್ರಚೋದನೆಯ ಕಾರಣ, ಗರ್ಭಕೊರಳಿನ ಸ್ಥಿತಿ ಮತ್ತು ವಿಫಲವಾದಲ್ಲಿ ಮುಂದಿನ ಕ್ರಮವನ್ನು ವೈದ್ಯರಿಂದ ಮುಂಚಿತವಾಗಿ ಕೇಳಿ ತಿಳಿಯುವುದು.
• ಶುಭ ದಿನ ಅಥವಾ ನಕ್ಷತ್ರದ ಕಾರಣಕ್ಕಾಗಿ 39 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸುವಂತೆ ಒತ್ತಾಯಿಸಬಾರದು. ಬೇಗ ಜನಿಸಿದ ಮಗುವಿಗೆ ಉಸಿರಾಟದ ತೊಂದರೆ ಉಂಟಾಗಬಹುದು.
• ಮನೆಯಲ್ಲಿ ನೋವು ಬರಿಸುವ ಚುಚ್ಚುಮದ್ದು ಅಥವಾ ಮಾತ್ರೆ ಪಡೆಯಲೇಬಾರದು. ಇದರಿಂದ ಗರ್ಭಾಶಯ ಬಿರಿಯಬಹುದು. ಸಿಸೇರಿಯನ್ ಸೌಲಭ್ಯವುಳ್ಳ ಆಸ್ಪತ್ರೆಯಲ್ಲಿ ಮಾತ್ರ ಪ್ರಚೋದನೆ ಪಡೆಯತಕ್ಕದ್ದು.
• ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ಮತ್ತು ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ತಪ್ಪದೇ ತರುವುದು.

ಲಭ್ಯವಿರುವ ಸೌಲಭ್ಯ

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ ಮತ್ತು ಸಿಸೇರಿಯನ್ ಎರಡೂ ಉಚಿತ. ಔಷಧಿ, ಪರೀಕ್ಷೆ, ರಕ್ತ, ಊಟ ಹಾಗೂ ಸಾರಿಗೆಗೂ ಶುಲ್ಕವಿಲ್ಲ. ಉಚಿತ ಊಟವನ್ನು ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನಗಳವರೆಗೆ ಒದಗಿಸಲಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.