ಅಳಿವೆ ಬಾಗಿಲು ಬಲ್ಲವರು

ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವಲ್ಲಿ ಮಂಗಳೂರಿನ ಹಳೆಯ ಬಂದರಿನ ಅಳಿವೆ ಬಾಗಿಲು ಇದೆ. ಬಂದರಿನ ಇತಿಹಾಸ ಬರೆದವರು ದೊರೆಗಳನ್ನೂ ವರ್ತಕರನ್ನೂ ನೆನೆಯುತ್ತಾರೆ. ಈ ಬಾಗಿಲು ದಾಟಿಸಿದವರನ್ನು ಅಪರೂಪಕ್ಕೆ. ಹೊಳೆ ತಂದ ಮರಳನ್ನು ಕಡಲು ಹಿಂದಕ್ಕೆ ತಳ್ಳುವುದರಿಂದ ಇಲ್ಲಿ ನೀರು ಆಳವಿಲ್ಲ. ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯ ಹೆಂಚಾಗಲಿ, ಘಟ್ಟದ ಮೇಲಿನ ಕಾಫಿಯಾಗಲಿ, ಮಚ್ವೆಗಳಲ್ಲಿ ಅಳಿವೆ ದಾಟಿಯೇ ಹಡಗು ಸೇರಬೇಕಿತ್ತು.

ದಾಟುವುದು ಸುಲಭವಲ್ಲ. ತೆರೆ ಒಡೆದು ಬೆಳ್ಳಗೆ ನೊರೆ ಕಾಣುವಲ್ಲಿ ಅಡಿಗೆ ಮರಳ ದಿಬ್ಬ. ನೀರು ಕಪ್ಪಗೆ, ನಯವಾಗಿರುವ ಕಡೆ ದಾರಿ. ಇಳಿತದ ಸೆಳೆತಕ್ಕೆ ಕಡಲ ತೆರೆ ಎದುರಾದರೆ ಅಲೆ ಗೋಡೆಯಂತೆ ಏಳುತ್ತದೆ. ಹಿಂತಿರುಗುವ ದೋಣಿ ಉಬ್ಬರಕ್ಕೆ ಕಾಯಬೇಕು, ದೊಡ್ಡ ತೆರೆಗಳ ಸಾಲು ಕಳೆಯುವವರೆಗೆ ಹೊರಗೇ ನಿಲ್ಲಬೇಕು. ತೆರೆಗೆ ಅಡ್ಡ ತಿರುಗಿದರೆ ಮಗುಚಿತೆಂದೇ ಲೆಕ್ಕ. ಮಳೆಗಾಲ ಕಳೆಯುವಷ್ಟರಲ್ಲಿ ಮರಳು ಜಾಗ ಬದಲಿಸಿರುತ್ತದೆ. ಕಳೆದ ವರ್ಷದ ದಾರಿ ಈ ವರ್ಷಕ್ಕಿಲ್ಲ. ಇಂಥಲ್ಲಿ ನಕ್ಷೆಗಿಂತ ತಾಂಡೇಲನ ಕಣ್ಣೇ ನಂಬಿಕೆಯದು. ಆ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ, ತಂದೆಯ ಜೊತೆ ಹೋಗಿ ಮಗ ಕಲಿತದ್ದು.

ಆಳದ ಬಂದರಿಗಾಗಿ ಕೊನೆಗೆ ಪಣಂಬೂರಿನಲ್ಲಿ ನೆಲ ತೋಡಿ ನವಮಂಗಳೂರು ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಅದರ ಉದ್ಘಾಟನೆ ನಡೆಯಿತು. ಹಡಗುಗಳು ಅತ್ತ ಹೋದವು. ಮೀನುಗಾರರು ಇಂದಿಗೂ ಹಳೆಯ ಅಳಿವೆಯಲ್ಲೇ ಹೋಗಿ ಬರುತ್ತಾರೆ.