ಹಿಂದಿನ ಚಕ್ರದ ಡ್ರಮ್ಮು, ನಮ್ಮ ಅಂಗಳ

ಎತ್ತಿನ ಗಾಡಿ ನಿಲ್ಲಿಸ್ತಿದ್ದ ಅಂಗಳದಾಗೆ ಈಗ ನಮ್ಮ ಗೋವಿನಕೋವಿಯಲ್ಲೂ ಕಾರು ನಿಂತಾವೆ. ಭಾನುವಾರ ಬಂತಂದ್ರೆ ಹುಡುಗ್ರು ಜಾಕಿ ಹಚ್ಚಿ, ಹಿಂದಿನ ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ಕೀಳಾಕೆ ಕೂರ್ತಾರೆ. ಅಕ್ಕಂದಿರೇ, ನೀವೂ ನೋಡಿರ್ತೀರಿ, ಕಬ್ಬಿಣದ ಬೋಗುಣಿ ಇದ್ದಂಗೆ ಐತೆ ಅದು. ಒಳಗೆ ಅರ್ಧಚಂದ್ರದಂಥ ಎರಡು ಪಟ್ಟಿ. ಬ್ರೇಕ್ ತುಳಿದ್ರೆ ಅವು ಅಗಲಿಸಿ ಬೋಗುಣಿ ಗೋಡೆಗೆ ಒತ್ತಿಕೊಳ್ತಾವೆ. ಅವಕ್ಕೆ ಶೂ ಅಂತಾರೆ.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡದಾಗೆ ಗಾಡಿಯವರು ಇಳಿಜಾರಿನಲ್ಲಿ ಹಳೇ ಬೂಟನ್ನೇ ಬ್ರೇಕಿಗೆ ಹಚ್ಚಿಕೊಳ್ತಿದ್ದರಂತೆ. ಅದನ್ನ ನೋಡಿಯೇ ಹರ್ಬರ್ಟ್ ಫ್ರೂಡ್ ಅನ್ನೋನು 1897ರಲ್ಲಿ ಬ್ರೇಕಿನ ಪಟ್ಟಿ ಮಾಡಾಕೆ ಶುರು ಮಾಡಿದ ಅಂತ ಹೇಳ್ತಾರೆ. ಡ್ರಮ್ಮಿನ ಒಳಗೆ ಶೂ ಕೂರಿಸಿದ್ದು ಫ್ರಾನ್ಸಿನ ಲೂಯಿ ರೆನೋ, 1902ರಲ್ಲಿ. 1921ರ ಹೊತ್ತಿಗೆ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ಎಣ್ಣೆ ಒತ್ತಡದ ಬ್ರೇಕು ಬಂತು. ನಮ್ಮ ಕಡೆ ಮದುವೆ ದಿಬ್ಬಣಕ್ಕೆ ಬರ್ತಿದ್ದ ಹಳೇ ಅಂಬಾಸಿಡರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಆಮೇಲೆ ಮುಂದಿನ ಚಕ್ರಕ್ಕೆ ಡಿಸ್ಕ್ ಬಂದ್ರೂ ಸಣ್ಣ ಕಾರುಗಳ ಹಿಂದೆ ಡ್ರಮ್ಮು ಹಂಗೇ ಉಳೀತು. ಖರ್ಚು ಕಮ್ಮಿ, ಹ್ಯಾಂಡ್ ಬ್ರೇಕೂ ಅದರಾಗೇ ಸಲೀಸಾಗಿ ಕೂರ್ತದೆ.

ಡ್ರಮ್ಮು ತೆಗೀಬೇಕಂದ್ರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಇಲ್ಲಾಂದ್ರೆ ಶೂ ಒಳಗಿಂದ ಕಚ್ಚಿಕೊಂಡಿರ್ತಾವೆ. ಬಿಟ್ರೆ ಗಾಡಿ ಉರುಳ್ತದೆ. ಅದಕ್ಕೇ ಮುಂದಿನ ಚಕ್ರಕ್ಕೆ ಹಿಂದೂ ಮುಂದೂ ದಪ್ಪ ಕಲ್ಲು ಇಡ್ಸಿ. ಜಾಕಿ ಒಂದನ್ನೇ ನಂಬಬಾರ್ದು, ಗಾಡಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇರ್ಲಿ. ಮೊಮ್ಮಕ್ಕಳು ಕಾರಿನಾಗೆ ಕೂತು ಬ್ರೇಕ್ ತುಳಿದಾವು ಜೋಕೆ. ಡ್ರಮ್ಮಿಲ್ಲದಾಗ ತುಳಿದ್ರೆ ಒಳಗಿನ ಪಿಸ್ಟನ್ ಹೊರಗೆ ಬಿದ್ದು ಎಣ್ಣೆಯೆಲ್ಲ ಸೋರ್ತದೆ.

ನಾನು ಬರೆಯಾಕೆ ಕೂತಿದ್ದು ಮಾತ್ರ ಧೂಳಿನ ಬಗ್ಗೆ. ಡ್ರಮ್ಮು ಬಿಚ್ಚಿದ ಕೂಡ್ಲೆ ಕರಿಬೂದಿ ಉದುರ್ತದೆ, ಹುಡುಗ್ರು ಉಫ್ ಅಂತ ಊದ್ತಾರೆ. ಅವರು ಎದ್ದು ಹೋದ ಮೇಲೆ ಕಸಬರಿಗೆ ಹಿಡಿಯೋರು ನಾವು. ಬಿಸಿ ತಡೀಲಿ ಅಂತ ಬ್ರೇಕಿನ ಪಟ್ಟಿಗೆ ಬಹಳ ವರ್ಷ ಆಸ್ಬೆಸ್ಟಾಸ್ ಹಾಕ್ತಿದ್ರು. ನಮ್ಮ ದೇಶದಾಗೆ ಅದಿನ್ನೂ ಪೂರ್ತಿ ನಿಷೇಧ ಆಗಿಲ್ಲ. ಪಟ್ಟಿ ನೋಡಿದ್ರೆ ಅದು ಐತೋ ಇಲ್ಲೋ ಗೊತ್ತಾಗಲ್ಲ.

1965ರಲ್ಲಿ ಲಂಡನ್ನಿನ ಮ್ಯೂರಿಯಲ್ ನ್ಯೂಹೌಸ್, ಹಿಲ್ಡಾ ಥಾಂಪ್ಸನ್ ಅನ್ನೋ ಇಬ್ಬರು ಹೆಣ್ಣುಮಕ್ಕಳು ಆಸ್ಬೆಸ್ಟಾಸಿನಿಂದ ಬರೋ ಕ್ಯಾನ್ಸರಿನ 76 ಮಂದಿಯ ಪೂರ್ವಾಪರ ವಿಚಾರಿಸಿ ಬರೆದ್ರು. ಅದರಾಗೆ 9 ಮಂದಿ ಕಾರ್ಖಾನೆ ಮೆಟ್ಟಿಲೇ ಹತ್ತಿದೋರಲ್ಲ. ಮನೆಯಾಗೆ ಯಾರೋ ಆ ಕೆಲಸಕ್ಕೆ ಹೋಗ್ತಿದ್ರು, ಅಷ್ಟೇ. ಹೆಚ್ಚಾಗಿ ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರು. ಕಾಯಿಲೆ ಕಾಣಿಸ್ಕೊಂಡಿದ್ದು ಹತ್ತಾರು ವರ್ಷ ಕಳೆದ ಮೇಲೆ. ಅಂಗಳದ ಧೂಳು ಕಾರ್ಖಾನೆಯಷ್ಟು ಇರಲ್ಲ, ಖರೆ. ಆದ್ರೂ ಊದೋದು ಯಾಕೆ, ಒಣಗಿದ್ದನ್ನ ಗುಡಿಸೋದು ಯಾಕೆ?

ಸೋಪಿನ ನೀರು ಚಿಮುಕಿಸಿ ಧೂಳು ನೆನೆಸಿ, ಹಳೇ ಬಟ್ಟೆಯಾಗೆ ಒರೆಸಿ, ಆ ಬಟ್ಟೇನ ಹಸಿ ಇದ್ದಾಗ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಒಲೆಗೆ ಹಾಕಬ್ಯಾಡಿ. ಹುಡುಗರ ಅಂಗಿ-ಪ್ಯಾಂಟನ್ನ ಕೊಡವದೇ ನೀರಿಗೆ ಹಾಕಿ, ಕೂಸಿನ ಬಟ್ಟೆ ಜೊತೆ ಸೇರಿಸಬ್ಯಾಡಿ. ಅವರೇ ಒಗೆದ್ರೆ ಇನ್ನೂ ಚೊಲೋ.